ಬೆಂಕಿ ಭಟ್ರು

ಸುಟ್ಟ ಮನೆಯೊಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಸುಟ್ಟದ್ದರ ಮೇಲೆ. ಕೇಶವ ಭಟ್ರು ಮಾತ್ರ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಮನೆಯವರು ಕರಕಲಾದ ಕಪಾಟಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಎದುರು ಗೋಡೆಯ ಕ್ಯಾಲೆಂಡರಿನ ಬಳಿ ಹೋಗಿ, ಅದರ ಮೇಲಿನ ಅರ್ಧ ಕಪ್ಪಾಗಿ ಕೆಳಗಿನ ಅರ್ಧ ಬೆಳ್ಳಗೇ ಉಳಿದದ್ದನ್ನು ಹೆಣ್ಣು ನೋಡಲು ಬಂದವರ ಹಾಗೆ ಆಸೆಯಿಂದ ನೋಡುತ್ತಿದ್ದರು.

"ಸುಟ್ಟದ್ದು ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ತಿ. ಇದು ಯಾಕೆ ಸುಡಲಿಲ್ಲ ಅಂತ ಮೊದಲು ಕೇಳುವ" ಎಂದು ಕ್ಯಾಮೆರಾ ಹಿಡಿದು ನಿಂತ ನನಗೆ ಹೇಳುತ್ತಿದ್ದರು.

ಕೇಳುವುದೆಂದರೆ ನಿಜವಾಗಿಯೂ ಕೇಳುವುದೇ. ಕ್ಯಾಲೆಂಡರನ್ನು, ಬಾಗಿಲ ದಾರಂದವನ್ನು, ಅರ್ಧ ಕರಗಿ ಸೊಟ್ಟಗಾದ ಪ್ಲಾಸ್ಟಿಕ್ ಕುರ್ಚಿಯನ್ನು ಅವರು ಸಣ್ಣ ಸ್ವರದಲ್ಲಿ ಮಾತನಾಡಿಸುತ್ತಿದ್ದರು. ಮನೆ ಕಳೆದುಕೊಂಡವರು ಒಂದು ಕ್ಷಣ ತಮ್ಮ ದುಃಖ ಮರೆತು, ಈ ಮನುಷ್ಯನಿಗೆ ಎಂತ ಆಗಿದೆ ಎಂದು ನನ್ನ ಮುಖ ನೋಡುತ್ತಿದ್ದರು.

ಬೆಂಕಿ ಬಿದ್ದ ಕಡೆ ವಿಮಾ ಕಂಪೆನಿಯ ಪರವಾಗಿ ಹೋಗಿ, ಅದು ಎಲ್ಲಿ ಹುಟ್ಟಿತು, ಹೇಗೆ ಹಬ್ಬಿತು ಎಂದು ಪತ್ತೆಮಾಡಿ ವರದಿ ಕೊಡುವುದು ಭಟ್ರ ಕೆಲಸ. ಇಂಜಿನಿಯರಿಂಗ್ ಓದಿದವರು, ಮನೆ ತೋಡಾರಿನಲ್ಲಿ. ನನ್ನದು ಮೂಡುಬಿದಿರೆಯಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಫೋಟೋ ಸ್ಟುಡಿಯೋ. ಮದುವೆ, ಸೀಮಂತ, ನಾಮಕರಣ ಎಂದು ಹಾಯಾಗಿದ್ದ ನನ್ನನ್ನು ಮಸಿಗೆ ಎಳೆದವರು ಅವರೇ. ಅವರ ಹಳೆಯ ಫೋಟೋಗ್ರಾಫರ್ ಸುಟ್ಟ ಮನೆಯ ವಾಸನೆ ತಡೆಯಲಾಗದೆ ಕೆಲಸ ಬಿಟ್ಟಿದ್ದ. ಭಟ್ರು ನನ್ನ ಸ್ಟುಡಿಯೋಗೆ ಬಂದು, ಗೋಡೆಯ ಮೇಲಿದ್ದ ಮದುಮಗಳ ದೊಡ್ಡ ಫೋಟೋ ನೋಡಿ, "ಇದನ್ನು ತೆಗೆದದ್ದು ನೀನೇನಾ? ಮೂಗುತಿಯ ನೆರಳು ಕೂಡ ಸರಿಯಾಗಿ ಬಿದ್ದಿದೆ. ನನ್ನ ಗೋಡೆಗಳನ್ನೂ ಹೀಗೇ ತೆಗೆದುಕೊಡು" ಎಂದರು. ಅಂದಿನಿಂದ ಬೆಳಿಗ್ಗೆ ಮುಹೂರ್ತ, ಮಧ್ಯಾಹ್ನ ಕರಕಲು ಎಂಬಂತೆ ನನ್ನ ದಿನಚರಿ ಬದಲಾಯಿತು.

ಊರಿನವರು ಅವರನ್ನು ಬೆಂಕಿ ಭಟ್ರು ಎಂದು ಕರೆಯುತ್ತಿದ್ದರು. ಇದರಿಂದ ಸಣ್ಣಪುಟ್ಟ ತೊಂದರೆಗಳೂ ಆಗುತ್ತಿದ್ದವು. ಒಮ್ಮೆ ಬಂಟ್ವಾಳ ಕಡೆಯವರು ಯಾರೋ ಹೆಸರು ಕೇಳಿ ಅಡಿಗೆ ಭಟ್ರೆಂದೇ ತಿಳಿದು ಫೋನ್ ಮಾಡಿ, ಉಪನಯನಕ್ಕೆ ಇನ್ನೂರು ಎಲೆ ಆಗಬಹುದಾ ಎಂದು ವಿಚಾರಿಸಿದರು. ಭಟ್ರು ಸಿಟ್ಟಾಗಲಿಲ್ಲ. "ಅಡಿಗೆ ನನಗೆ ಬರುವುದಿಲ್ಲ. ಅಡಿಗೆಕೋಣೆ ಸುಟ್ಟರೆ ಹೇಳಿ, ಖಂಡಿತ ಬರ್ತೇನೆ" ಎಂದು ಗಂಭೀರವಾಗಿಯೇ ಉತ್ತರಿಸಿ ಫೋನ್ ಇಟ್ಟರು. ಆ ಕಡೆಯವರು ಶಾಪವೆಂದೇ ತಿಳಿದಿರಬೇಕು.

ಮಸಿಯ ಕೆಲಸಕ್ಕೆ ಅವರು ಹೋಗುತ್ತಿದ್ದದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಯಾಕೆ ಎಂದು ನಾನು ಕೇಳಿದಾಗ, "ಬಿಳಿ ಅಂಗಿಯಾದರೆ ನಾನು ಎಲ್ಲೆಲ್ಲಿ ತಾಗಿದ್ದೇನೆ ಅಂತ ಗೊತ್ತಾಗ್ತದೆ. ಇಲ್ಲದಿದ್ದರೆ ನಾನು ಒರೆಸಿದ್ದನ್ನೇ ನಾಳೆ ಸಾಕ್ಷಿ ಅಂತ ಹೇಳಿಯೇನು" ಎಂದರು. ಅವರ ಹೆಂಡತಿ ಸರಸ್ವತಕ್ಕ ಒಳಗಿನಿಂದಲೇ, "ಒಗೆಯುವವಳಿಗೂ ಗೊತ್ತಾಗ್ತದೆ" ಎಂದರು.

ಅವರೊಡನೆ ಮದುವೆಗೆ ಹೋಗುವುದು ಒಂದು ಶಿಕ್ಷೆ. ಸಭಾಭವನಕ್ಕೆ ಬಂದವರು ಮೊದಲು ವಧೂವರರನ್ನು ನೋಡಬೇಕಷ್ಟೆ. ಇವರು ಹಿಂಬಾಗಿಲು ನೋಡುತ್ತಿದ್ದರು. ಬೀಗ ಹಾಕಿದ್ದರೆ ತೆಗೆಸದೆ ಊಟಕ್ಕೆ ಕೂರುತ್ತಿರಲಿಲ್ಲ. ನಾನು ತೆಗೆದ ಅದೆಷ್ಟೋ ಆಲ್ಬಮ್‌ಗಳಲ್ಲಿ, ಮುಂದೆ ಧಾರೆ ನಡೆಯುತ್ತಿದ್ದರೆ ಹಿಂದೆ ಒಬ್ಬ ತೆಳ್ಳಗಿನ ಮನುಷ್ಯ ಚಿಲಕ ಎಳೆದು ಪರೀಕ್ಷಿಸುತ್ತಿರುವುದು ಕಾಣುತ್ತದೆ. ಒಂದು ಮನೆಯವರಂತೂ ಆ ಕಳ್ಳ ಯಾರೆಂದು ನನ್ನನ್ನೇ ಕೇಳಿದ್ದರು.

ಬೆಂಕಿಯ ಪಾಠ ನನಗೆ ಮೊದಲು ಆದದ್ದು ಕಲ್ಲಡ್ಕದ ಹೋಟೆಲಿನಲ್ಲಿ. ಅಲ್ಲಿನ ಗಾಜಿನ ಲೋಟದ ಚಹಾ ಎಲ್ಲರಿಗೂ ಗೊತ್ತಿರುವಂಥದ್ದೇ, ಕೆಳಗೆ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್, ಎರಡೂ ಬೆರೆಯದೆ ಬೇರೆ ಬೇರೆ ನಿಂತಿರುತ್ತವೆ. ನಾನು ಚಮಚ ಎತ್ತಿಕೊಂಡದ್ದೇ ಭಟ್ರು ನನ್ನ ಕೈ ತಡೆದರು.

"ನಿಲ್ಲು. ಇದು ಬೆಂಕಿ ಬಿದ್ದ ಕೋಣೆ ಅಂತ ತಿಳಿದುಕೋ. ಬಿಸಿ ಹೊಗೆ ಹಗುರ, ಹಾಗಾಗಿ ಮೇಲೆ ಹೋಗಿ ಮಾಡಿಗೆ ಅಂಟಿ ಕೂತಿದೆ. ಉಸಿರಾಡುವ ಗಾಳಿ ಕೆಳಗೆ ಉಂಟು. ಒಳಗೆ ಸಿಕ್ಕಿಬಿದ್ದವರು ಎಂತ ಮಾಡಬೇಕು? ಹಾಲಿನಲ್ಲಿ ಅಂಬೆಗಾಲಿಟ್ಟು ಹೊರಗೆ ಬರಬೇಕು. ಡಿಕಾಕ್ಷನ್‌ನಲ್ಲಿ ತಲೆ ಎತ್ತಿದರೆ ಮುಗಿಯಿತು."

"ಆಯ್ತು ಭಟ್ರೇ, ಚಹಾ ತಣಿಯುತ್ತದೆ."

"ತಣಿಯಲಿ. ಈಗ ಈ ಕಪ್ಪು ಪದರ ದಪ್ಪ ಆಗ್ತಾ ಕೆಳಗೆ ಇಳಿಯುತ್ತದೆ. ಅದರ ಬಿಸಿ ಬಿಸಿಲಿನ ಹಾಗೆ ಕೆಳಗಿನ ಚಾಪೆ, ಮಂಚ, ಬಟ್ಟೆಯ ಮೇಲೆ ಬೀಳ್ತದೆ. ಒಂದು ಹಂತ ದಾಟಿದರೆ ಜ್ವಾಲೆ ತಾಗದಿದ್ದರೂ ಎಲ್ಲವೂ ಒಟ್ಟಿಗೇ ಹತ್ತಿಕೊಳ್ತದೆ. ಆ ಮೇಲೆ ಕೋಣೆಗೆ ಬೆಂಕಿ ಬಿದ್ದಿದೆ ಅಂತ ಹೇಳ್ಲಿಕ್ಕಿಲ್ಲ. ಕೋಣೆಯೇ ಬೆಂಕಿ." ಹೀಗೆಂದು ಚಮಚ ಹಾಕಿ ಗರಗರ ಕದಡಿ, "ಈಗ ಒಳಗಿದ್ದವರು ಯಾರೂ ಇಲ್ಲ. ಕುಡಿ" ಎಂದರು. ಅಂದಿನಿಂದ ಆ ಚಹಾ ನನ್ನ ಗಂಟಲಲ್ಲಿ ಸರಾಗವಾಗಿ ಇಳಿದದ್ದಿಲ್ಲ.

ಅವರಿಗೆ ಆಗದ ಮಾತು ಒಂದೇ, ಶಾರ್ಟ್ ಸರ್ಕ್ಯೂಟ್. ಎಲ್ಲಿ ಬೆಂಕಿ ಬಿದ್ದರೂ ಜನ ಮೊದಲು ಹೇಳುವುದು ಅದನ್ನೇ. "ಸುಟ್ಟ ಮನೆಯಲ್ಲಿ ಕರಗಿದ ವೈರು ಇದ್ದೇ ಇರ್ತದೆ ಮಾರಾಯ್ರೆ. ವೈರು ಕರಗಿದ್ದಕ್ಕೆ ಬೆಂಕಿ ಬಂತಾ, ಬೆಂಕಿ ಬಂದದ್ದಕ್ಕೆ ವೈರು ಕರಗಿತಾ? ಅದನ್ನು ಹೇಳಿ" ಎಂದು ಅವರು ಜಗಳಕ್ಕೇ ನಿಲ್ಲುತ್ತಿದ್ದರು.

ನಾರಾವಿಯ ಹತ್ತಿರದ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಮಗಳ ಮದುವೆಗೆಂದು ಆ ಮನೆಯವರು ಹಳೆಯ ಮರದ ಕಂಬ, ಬಾಗಿಲುಗಳಿಗೆಲ್ಲ ಅಗಸೆ ಎಣ್ಣೆ ತಿಕ್ಕಿಸಿದ್ದರು. ಬಾಬು ಎಂಬ ಪೈಂಟರ್ ಬೆಳಿಗ್ಗೆ ಕೆಲಸ ಮುಗಿಸಿ ಹೋಗಿದ್ದ. ಮನೆಯವರು ಬಟ್ಟೆ ತರಲು ಪೇಟೆಗೆ ಹೋಗಿದ್ದರು. ಮಧ್ಯಾಹ್ನ ಮಾಳಿಗೆಯ ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಬೆಂಕಿ ಹಿಡಿದು ಮೆಟ್ಟಿಲು, ಮಾಳಿಗೆ ಎರಡೂ ಸುಟ್ಟವು. ಬಾಬು ಬೀಡಿ ಸೇದುವವ. ಉರಿಯುವ ಬೀಡಿ ಬಿಸಾಡಿ ಹೋಗಿದ್ದಾನೆ ಎಂದು ಯಜಮಾನರು ಪೊಲೀಸರಿಗೆ ಹೇಳಿದರು. ಠಾಣೆಗೆ ಹೋಗಿ ಬಂದ ಮೇಲೆ ಬಾಬುವನ್ನು ಆ ಊರಲ್ಲಿ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಉಗ್ರಾಣದ ಗೋಡೆಯ ಮೇಲೆ ಬೆಂಕಿ ತನ್ನ ಗುರುತು ಬಿಟ್ಟಿತ್ತು. ಕೆಳಗೆ ಕಿರಿದಾಗಿ ಮೇಲೆ ಹೋಗುತ್ತಾ ಅಗಲವಾದ, ಬೀಸಣಿಗೆ ಬಿಡಿಸಿಟ್ಟಂಥ ಕಪ್ಪು. ಭಟ್ರು ಅದರ ಬುಡದಲ್ಲಿ ಮೊಣಕಾಲೂರಿ ಕೂತು, ಬೂದಿಯಿಂದ ಒಂದು ಗೋಣಿಯ ತಳವನ್ನು ಮೆಲ್ಲನೆ ಬಿಡಿಸಿದರು. ಒಳಗೆ ಬಟ್ಟೆಯ ಚೂರುಗಳು ಕಲ್ಲಿನಂತೆ ಗಟ್ಟಿಯಾಗಿ ಅಂಟಿಕೊಂಡಿದ್ದವು, ನಡುವೆ ಹೆಚ್ಚು ಕರಕಲು, ಸುತ್ತ ಕಡಿಮೆ.

"ಎಣ್ಣೆ ಒರೆಸಿದ ಬಟ್ಟೆ ಎಲ್ಲ ಎಂತ ಮಾಡಿದೆ ಬಾಬು?" ಎಂದು, ತಾವೇ ಹೇಳಿಕಳಿಸಿ ಕರೆಸಿದ್ದ ಅವನನ್ನು ಕೇಳಿದರು.

"ಗೋಣಿಗೆ ತುರುಕಿ ಮೆಟ್ಟಿಲ ಕೆಳಗೆ ಇಟ್ಟೆ. ಇಲ್ಲಿನ ಅಮ್ಮ ಹಾಗೇ ಹೇಳಿದ್ರು, ಮನೆ ಚೊಕ್ಕ ಇರಬೇಕು ಅಂತ."

ಭಟ್ರ ಮುಖ ಅರಳಿತು. ಯಜಮಾನರ ಕಡೆ ತಿರುಗಿ, "ಇದಕ್ಕೆ ಬೀಡಿಯೂ ಬೇಡ, ಬೆಂಕಿಪೊಟ್ಟಣವೂ ಬೇಡ. ಅಗಸೆ ಎಣ್ಣೆ ಸುಮ್ಮನೆ ಒಣಗುವುದಿಲ್ಲ, ಗಾಳಿ ಹೀರಿಕೊಂಡು ಗಟ್ಟಿ ಆಗುವುದು. ಹಾಗೆ ಆಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಹರಡಿ ಹಾಕಿದರೆ ಬಿಸಿ ಹಾರಿ ಹೋಗ್ತದೆ. ಮುದ್ದೆ ಮಾಡಿ ತುರುಕಿದರೆ ಒಳಗೇ ಕೂತು ಬೆಳೆಯುತ್ತದೆ" ಎಂದರು.

ಯಜಮಾನರು ನಕ್ಕರು. "ಭಟ್ರೇ, ಕಂಬಕ್ಕೆ ಹಾಕುವ ಎಣ್ಣೆ ತಾನಾಗಿ ಹೊತ್ತಿಕೊಳ್ಳುವುದಾದರೆ ಕಂಬ ಯಾಕೆ ಹೊತ್ತಿಕೊಳ್ಳಲಿಲ್ಲ?"

"ಕಂಬವನ್ನು ಯಾರೂ ಗೋಣಿಗೆ ತುರುಕಲಿಲ್ಲವಲ್ಲ" ಎಂದ ಭಟ್ರು, ಯಜಮಾನರನ್ನೂ ಬಾಬುವನ್ನೂ ತೋಡಾರಿನ ತಮ್ಮ ಮನೆಗೆ ಬರಲು ಹೇಳಿದರು. ಮಾಡಿ ತೋರಿಸದೆ ಅವರಿಗೆ ಸಮಾಧಾನವಿಲ್ಲ.

ಮೊದಲ ಪ್ರಯೋಗ ಪೂರ್ತಿ ಮಣ್ಣುಪಾಲಾಯಿತು. ಅಂಗಳದಲ್ಲಿ ಸಣ್ಣ ಬುಟ್ಟಿಯಲ್ಲಿ ಎಣ್ಣೆಬಟ್ಟೆ ಇಟ್ಟು ನಾವೆಲ್ಲ ಸುತ್ತ ಕುರ್ಚಿ ಹಾಕಿ ಕೂತೆವು. ಸಂಜೆಯವರೆಗೆ ಒಂದು ಎಳೆ ಹೊಗೆಯೂ ಬರಲಿಲ್ಲ. ಯಜಮಾನರು ಗಡಿಯಾರ ನೋಡಿಕೊಂಡರು, ಬಾಬು ನೆಲ ನೋಡಿದ. ಸರಸ್ವತಕ್ಕ ಬಂದು, "ಬುಟ್ಟಿಗೆ ಮುಹೂರ್ತ ಇಟ್ಟಿದ್ದು ಯಾರು?" ಎಂದು ಕೇಳಿ ಒಳಗೆ ಹೋದರು. ಭಟ್ರು ಮಾತ್ರ ಖುಷಿಯಲ್ಲೇ ಇದ್ದರು. "ರಾಶಿ ಸಣ್ಣದಾಯಿತು, ಬಿಸಿ ಸೋರಿಹೋಯಿತು. ಸುಡದೆ ಇದ್ದದ್ದೂ ಒಂದು ಉತ್ತರವೇ" ಎಂದರು. ಬಾಬುವಿಗೆ ಆ ಉತ್ತರದಿಂದ ಯಾವ ಲಾಭವೂ ಇರಲಿಲ್ಲ.

ಎರಡನೆಯ ಸಲ ಮನೆಯ ಹಳೆಯ ಪಂಚೆ, ಮೈ ಒರೆಸುವ ಹರಿದ ಬೈರಾಸು ಎಲ್ಲ ಎಣ್ಣೆಯಲ್ಲಿ ಅದ್ದಿ, ಗೋಣಿಗೆ ಒತ್ತಿ ತುಂಬಿಸಿ, ಬಿಸಿಲು ಬೀಳುವ ಗೋಡೆಯ ಬದಿಗಿಟ್ಟರು. ಮಧ್ಯಾಹ್ನವಾಯಿತು. ಕಾದು ಬೇಸತ್ತ ನಮ್ಮನ್ನು ಸರಸ್ವತಕ್ಕ ಊಟಕ್ಕೆ ಕರೆದರು. ಯಜಮಾನರು ಪಾಯಸಕ್ಕೆ ಕೈ ಹಾಕಿದಾಗ ಬಾಬು ಮೂಗು ಎತ್ತಿದ. ಘಾಟು ವಾಸನೆ. ಎಲ್ಲರೂ ಎಂಜಲು ಕೈಯಲ್ಲೇ ಅಂಗಳಕ್ಕೆ ಓಡಿದೆವು. ಗೋಣಿಯ ಹೊಟ್ಟೆಯಿಂದ ದಪ್ಪ ಹೊಗೆ ಬರುತ್ತಿತ್ತು. ನಾವು ನೋಡುತ್ತಿದ್ದಂತೆ ಬದಿಯಲ್ಲಿ ಒಂದು ಕೆಂಪು ಚುಕ್ಕೆ ಕಾಣಿಸಿ, ಅಗಲವಾಗಿ, ಭಗ್ಗನೆ ಹೊತ್ತಿಕೊಂಡಿತು. ಗೋಡೆಗೆ ಒರಗಿಸಿದ್ದ, ಸರಸ್ವತಕ್ಕ ಅಂಗಳ ಗುಡಿಸುವ ಹೊಸ ಹಿಡಿಸೂಡಿಯೂ ಅದರ ಜತೆಗೆ ಹೋಯಿತು.

ಯಜಮಾನರು ಪಾಯಸದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಬಾಬುವಿನ ಹತ್ತಿರ ಹೋಗಿ, "ನಾಳೆ ಮಾಳಿಗೆಯ ಕೆಲಸಕ್ಕೆ ಬಾ. ಠಾಣೆಗೂ ನಾನೇ ಹೋಗಿ ಹೇಳ್ತೇನೆ" ಎಂದರು. ಬಾಬು ತಲೆಯಾಡಿಸಿದ. ಅವನ ಕಣ್ಣು ಒದ್ದೆಯಾಗಿತ್ತು, ಹೊಗೆಯಿಂದ ಎಂದು ಹೇಳಿಕೊಂಡ. ಸರಸ್ವತಕ್ಕ ಮಾತ್ರ ಗಂಡನ ಕಡೆ ನೋಡಿ, "ಹಿಡಿಸೂಡಿ ಸುಟ್ಟ ಬಗ್ಗೆ ವರದಿ ಯಾವಾಗ ಕೊಡ್ತೀರಿ?" ಎಂದರು.

ಇಷ್ಟು ಹೇಳಿದರೆ ಭಟ್ರು ಯಾವಾಗಲೂ ಗೆಲ್ಲುತ್ತಿದ್ದರು ಎಂದು ಅನಿಸಬಹುದು. ಹಾಗಿರಲಿಲ್ಲ. ಒಂದು ದಿನ ಅವರು ಗಾಜಿನ ತುಂಡುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಸ್ಟುಡಿಯೋಗೆ ಬಂದರು. ಮುಖ ಬಾಡಿತ್ತು. ಬೆಳ್ತಂಗಡಿಗೆ ಹೋಗಲಿಕ್ಕಿದೆ, ಕಾರು ಓಡಿಸಲು ಮನಸ್ಸಿಲ್ಲ, ನೀನು ಬಾ ಎಂದರು. ದಾರಿಯಲ್ಲಿ ವಿಷಯ ಹೇಳಿದರು.

ಅವರು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಬೆಳ್ತಂಗಡಿಯ ಒಂದು ಜವಳಿ ಅಂಗಡಿ ಸುಟ್ಟಿತ್ತು. ಸಂಜೀವ, ಗಣೇಶ ಎಂಬ ಅಣ್ಣತಮ್ಮಂದಿರ ಅಂಗಡಿ. ಶೋಕೇಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಸಣ್ಣ ಸಣ್ಣ ಬಿರುಕುಗಳಿದ್ದವು. ಅಂಥ ಬಿರುಕು ಕಂಡರೆ ಬೆಂಕಿ ಒಮ್ಮೆಲೇ ಏರಿದೆ, ಅಂದರೆ ಯಾರೋ ಪೆಟ್ರೋಲ್ ಸುರಿದಿದ್ದಾರೆ ಎಂದು ಆಗಿನ ಹಿರಿಯರು ಕಲಿಸಿದ್ದರು. ಭಟ್ರು ಹಾಗೆಯೇ ಬರೆದರು. ಆ ದಿನ ಅಂಗಡಿಯ ಬೀಗ ಹಾಕಿದವನು ಸಂಜೀವ. ವಿಮೆಗಾಗಿ ಅಣ್ಣನೇ ಬೆಂಕಿ ಕೊಟ್ಟ ಎಂದು ಊರು ನಂಬಿತು, ತಮ್ಮನೂ ನಂಬಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಈಗ ಎಂತ ಆಯಿತು?" ಎಂದು ಕೇಳಿದೆ.

"ಆ ಬಿರುಕು ಬರುವುದು ಬಿಸಿ ಗಾಜಿಗೆ ನೀರು ಬಿದ್ದಾಗ ಅಂತ ಈಚೆಗೆ ಓದಿದೆ. ನಂಬಿಕೆ ಬರಲಿಲ್ಲ. ನಿನ್ನೆ ಮನೆಯಲ್ಲಿ ಮಾಡಿ ನೋಡಿದೆ. ಹೌದು. ಗಾಜು ಹೇಳಿದ್ದು ನೀರು. ನಾನು ಕೇಳಿಸಿಕೊಂಡದ್ದು ಪೆಟ್ರೋಲ್."

ಸಂಜೀವಣ್ಣ ಈಗ ಸಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಭಟ್ರು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ಸಂಜೀವಣ್ಣ ಮಿಶಿನು ತುಳಿಯುವುದನ್ನು ನಿಲ್ಲಿಸಿ ಕೇಳಿದರು.

"ಹಾಗಾದರೆ ನಾನು ಬೆಂಕಿ ಕೊಡಲಿಲ್ಲ ಅಂತ ನನ್ನ ತಮ್ಮನಿಗೆ ಬಂದು ಹೇಳಿ."

"ಅದನ್ನು ಹೇಳಲಿಕ್ಕೆ ಆಗುವುದಿಲ್ಲ. ಕೊಟ್ಟಿರಿ ಅಂತ ಹೇಳಲಿಕ್ಕೆ ನನ್ನ ಹತ್ತಿರ ಇದ್ದ ಕಾರಣ ಸುಳ್ಳು ಅಂತ ಮಾತ್ರ ಹೇಳ್ತೇನೆ. ಬೆಂಕಿ ಹೇಗೆ ಬಂತು ಅಂತ ನನಗೆ ಗೊತ್ತಿಲ್ಲ."

"ಇಷ್ಟು ವರ್ಷ ಆದ ಮೇಲೆ ಒಂದು ಮಾತು ಹೇಳಲಿಕ್ಕೆ ನಿಮ್ಮದು ಎಂತ ಹೋಗ್ತದೆ?"

"ಆವಾಗ ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳಿಯೇ ಇಷ್ಟಾದದ್ದು ಸಂಜೀವಣ್ಣ. ಮತ್ತೊಮ್ಮೆ ಅದನ್ನೇ ಹೇಗೆ ಮಾಡಲಿ?"

ನನಗೇ ಭಟ್ರ ಮೇಲೆ ಕೋಪ ಬಂತು. ಸಂಜೀವಣ್ಣ ಎದ್ದು, ಅಂಗಡಿಯ ಬಾಗಿಲು ಹಾಕಿ, ನಮ್ಮ ಕಾರಿನಲ್ಲಿ ಹಿಂದೆ ಕೂತರು.

ಗಣೇಶಣ್ಣನ ಮನೆ ಹೆಚ್ಚು ದೂರವಿರಲಿಲ್ಲ. ಅಣ್ಣನನ್ನು ಕಂಡು ಅವರು ಜಗಲಿಯಿಂದ ಏಳಲೂ ಇಲ್ಲ, ಬನ್ನಿ ಎನ್ನಲೂ ಇಲ್ಲ. ಭಟ್ರು ತಾವೇ ಅಡಿಗೆಕೋಣೆ ಎಲ್ಲಿ ಎಂದು ಕೇಳಿ ಒಳಗೆ ನಡೆದರು. ಗಣೇಶಣ್ಣನ ಹೆಂಡತಿಯ ಬಳಿ ದೋಸೆ ಕಾವಲಿ ಕೇಳಿ, ಗ್ಯಾಸಿನ ಮೇಲಿಟ್ಟು, ಅದರ ಮೇಲೆ ಒಂದು ಗಾಜಿನ ತುಂಡು ಇಟ್ಟರು. "ಕಾವಲಿ ಹಾಳಾಗ್ತದಾ?" ಎಂದು ಆಕೆ ಕೇಳಿದಾಗ, "ಅದೂ ಗೊತ್ತಿಲ್ಲ" ಎಂದರು. ಗಾಜು ಚೆನ್ನಾಗಿ ಕಾಯಿತು, ಒಂದು ಗೆರೆಯೂ ಬೀಳಲಿಲ್ಲ. ಆಮೇಲೆ ಬೆರಳಿನಿಂದ ನೀರು ಚಿಮುಕಿಸಿದರು. ಚಟಚಟ ಸದ್ದಾಗಿ ಗಾಜಿನ ಮೈತುಂಬಾ ಬಲೆ ಹರಡಿತು.

"ನಿಮ್ಮ ಶೋಕೇಸಿನಲ್ಲಿ ಇದ್ದದ್ದು ಇದು. ನಾನು ಇದನ್ನು ಪೆಟ್ರೋಲ್ ಅಂತ ಬರೆದೆ. ತಪ್ಪು ನನ್ನದು."

ಗಣೇಶಣ್ಣ ಬಗ್ಗಿ ನೋಡಿದರು. "ಇನ್ನೊಮ್ಮೆ ಮಾಡಿ" ಎಂದರು.

ಭಟ್ರು ಇಕ್ಕಳದಿಂದ ಇನ್ನೊಂದು ತುಂಡು ಇಟ್ಟರು. ಅದು ಕಾದ ಮೇಲೆ ಗಣೇಶಣ್ಣ ನೀರಿನ ಚೆಂಬು ತಾವೇ ತೆಗೆದುಕೊಂಡು ಚಿಮುಕಿಸಿದರು. ಮತ್ತೆ ಅದೇ ಸದ್ದು, ಅದೇ ಬಲೆ. ಅವರು ಚೆಂಬು ಹಿಡಿದುಕೊಂಡೇ ನಿಂತರು.

"ಆ ದಿನ ಬಾವಿಯಿಂದ ನೀರು ಸೇದಿ ಸೇದಿ ಶೋಕೇಸಿಗೆ ಎರಚಿದ್ದು ನಾನು" ಎಂದರು ಮೆಲ್ಲನೆ. "ಬೇರೆ ಯಾರೂ ಹತ್ತಿರ ಹೋಗಲಿಲ್ಲ. ನಾನೇ."

ಗಣೇಶಣ್ಣನ ಹೆಂಡತಿ ಗ್ಯಾಸು ಆರಿಸಿ, ಬಾಗಿಲಲ್ಲಿ ನಿಂತಿದ್ದ ಸಂಜೀವಣ್ಣನ ಹತ್ತಿರ ಹೋಗಿ, "ಒಳಗೆ ಬನ್ನಿ ಭಾವ, ಕೂತುಕೊಳ್ಳಿ" ಎಂದರು. ಭಟ್ರು ನನಗೆ ಕಣ್ಣು ಮಾಡಿದರು. ನಾವು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದೆವು. ಕಾರು ಹತ್ತಿ ವಾಪಸು ಹೊರಟೆವು. ನಾನು ಗಾಡಿ ಓಡಿಸುವ ರೀತಿಯ ಬಗ್ಗೆ ದೂರು ಹೇಳದೆ ಅವರು ಮಾಡಿದ ಪ್ರಯಾಣ ಅದೊಂದೇ.

ಆ ವರ್ಷದ ಮಳೆಗಾಲದಲ್ಲಿ ಭಟ್ರು ಮಂಗಳೂರಿನ ಆಸ್ಪತ್ರೆಯಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡರು. ನನಗೆ ಸುದ್ದಿ ಬಂದಾಗ ಒಂದು ನಿಶ್ಚಿತಾರ್ಥದಲ್ಲಿದ್ದೆ. ಫೋಟೋ ತೆಗೆದು ಮುಗಿಸಿಯೇ ಹೊರಟೆ. ಅರ್ಧದಲ್ಲಿ ಬಿಟ್ಟು ಬಂದಿದ್ದರೆ ಅವರೇ ಬಯ್ಯುತ್ತಿದ್ದರು.

ಉತ್ತರಕ್ರಿಯೆಯ ದಿನ ತೋಡಾರಿನ ಮನೆಯ ಅಂಗಳದಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಬಿಡುತ್ತಿದ್ದದ್ದು ಗಣೇಶಣ್ಣ, ಹಿಂದೆ ಕೊಡೆ ಹಿಡಿದು ಕೂತಿದ್ದದ್ದು ಸಂಜೀವಣ್ಣ. ಊಟಕ್ಕೆ ಇಬ್ಬರೂ ನನ್ನ ಎದುರು ಸಾಲಿನಲ್ಲಿ ಪಕ್ಕಪಕ್ಕ ಕೂತರು. ಸಂಜೀವಣ್ಣ ಎಲೆಗೆ ನೀರು ಚಿಮುಕಿಸುತ್ತಾ, ನನ್ನನ್ನು ನೋಡಿ ಹೇಳಿದರು, "ಕೊನೆಯವರೆಗೂ ನಾನು ಬೆಂಕಿ ಕೊಡಲಿಲ್ಲ ಅಂತ ಒಂದು ಮಾತು ಅವರ ಬಾಯಿಂದ ಬರಲಿಲ್ಲ ನೋಡಿ."

"ಸಾಕು ಮಾರಾಯ" ಎಂದರು ಗಣೇಶಣ್ಣ. "ಸಾರು ಬರ್ತಾ ಉಂಟು, ಎಲೆ ನೋಡು."